ಕೈಯಲ್ಲಿಲ್ಲದುದನ್ನು ತ್ಯಜಿಸಬಹುದೆ?

ಶ್ರಾವಕರು ಸ್ವೀಕರಿಸುವ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹಪರಿಮಾಣವು ಕೇಳಲು ಸುಲಭ, ಆಚರಣೆಗೆ ಕಠಿನ. ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ, ಆಳುಕಾಳು, ಬಟ್ಟೆಬರೆ ಇವುಗಳಿಗೆ ಇಷ್ಟೇ ಎಂದು ಮಿತಿಯನ್ನು ಹಾಕಿಕೊಂಡು, ಅದರಾಚೆಯ ವಸ್ತುವಿನಲ್ಲಿ ಆಸೆಯನ್ನು ಬಿಡುವುದೇ ಅದರ ಸ್ವರೂಪ. ಈ ವ್ರತವನ್ನು ಕುರಿತು ಹೆಣ್ಣುಮಗಳೊಬ್ಬಳು ಹಿಂದೊಮ್ಮೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ತಪ್ಪು ಉತ್ತರವನ್ನು ನಾಲ್ಕು ಜನರೆದುರಿಗೆ ಹೇಳಿದವನು ಸರಿಯುತ್ತರವನ್ನೂ ನಾಲ್ಕು ಜನರೆದುರಿಗೇ ಹೇಳಬೇಕಾದುದು ನ್ಯಾಯ. ಆದುದರಿಂದ ಈ ಲೇಖನ.

ಅದು 2017ರ ದಶಲಕ್ಷಣ ಪರ್ವ. ನಾನು ಪ್ರೌಢಶಾಲೆಯ ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮರುವರ್ಷ. ಕಳಸದ ಕಡೆ ಕಾಫಿ ತೋಟಗಳ ನಡುವೆ ಇರುವ ಒಂದು ಚಿಕ್ಕ ಬಸದಿಯಲ್ಲಿ ಹತ್ತು ದಿನವೂ ಸಂಜೆ ಶಾಸ್ತ್ರವನ್ನೋದಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಭಾದ್ರಪದ ಬಂದಿದ್ದರೂ ಕುದುರೆಮುಖದ ಸಾಲಿನಿಂದ ಇಳಿಯುವ ಮಳೆ ಬಿಟ್ಟಿರಲಿಲ್ಲ. ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ವಿವರಣೆ. ನನ್ನದೆಂಬುದು ಏನೂ ಇಲ್ಲವೆಂಬ ಭಾವವೇ ಆಕಿಂಚನ್ಯವೆಂದು ಹೇಳಿ, ಗೃಹಸ್ಥರು ಅದರ ಮೊದಲ ಮೆಟ್ಟಿಲಾಗಿ ಪರಿಗ್ರಹಪರಿಮಾಣವನ್ನು ಸ್ವೀಕರಿಸಬೇಕೆಂದು ನಾನು ಮುಗಿಸಿದಾಗ, ಹೆಂಗಸರ ಸಾಲಿನಿಂದ ಒಬ್ಬಳು ಎದ್ದುನಿಂತಳು. ನನ್ನ ಹಳೆಯ ವಿದ್ಯಾರ್ಥಿನಿ.

"ಮೇಷ್ಟ್ರೇ, ನನ್ನ ಹೆಸರಿನಲ್ಲಾಗಲಿ ನನ್ನ ಕೈಯಲ್ಲಾಗಲಿ ಏನೂ ಇಲ್ಲ. ನಾನು ಈ ವ್ರತವನ್ನು ಹೇಗೆ ತೆಗೆದುಕೊಳ್ಳಲಿ?"

ನಾನು ನಕ್ಕು ಹೇಳಿದೆ: "ಮಗಳೇ, ಉಳಿದವರೆಲ್ಲ ಮಿತಿ ಹಾಕಿಕೊಳ್ಳಲು ಹೆಣಗುತ್ತಾರೆ. ನಿನಗೆ ಆ ಕಷ್ಟವೇ ಇಲ್ಲ. ನಿನ್ನ ವ್ರತ ಆಗಲೇ ಪೂರ್ಣವಾಗಿದೆ."

ಸಭೆ ಮೆಚ್ಚಿತು. ಗಂಡಸರ ಕಡೆ ಕುಳಿತಿದ್ದ ಅವಳ ಪತಿಯೂ ತಲೆದೂಗಿದನು. ಅವಳು ಮತ್ತೇನೂ ಕೇಳದೆ ಕುಳಿತಳು. ಪ್ರಶ್ನೆ ಕೇಳಿದ ವಿದ್ಯಾರ್ಥಿಯ ಮುಖವನ್ನು ನೋಡಿ ಉತ್ತರ ಹೇಳಬೇಕೆಂಬುದು ನನ್ನ ವೃತ್ತಿಯ ಮೊದಲ ಪಾಠ. ಅಂದು ನಾನು ಸಭೆಯ ಮುಖವನ್ನು ನೋಡಿ ಹೇಳಿದೆ.

ಅವಳ ಸಂಸಾರದ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ಅವಳ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಅವಳ ಒಪ್ಪಿಗೆಯಿಂದ ಬರೆಯುತ್ತಿದ್ದೇನೆಂಬುದನ್ನು ಮಾತ್ರ ಓದುಗರು ನಂಬಬೇಕು. ಅವಳ ತಂದೆ ಕುದುರೆಮುಖದ ಕಬ್ಬಿಣದ ಅದಿರಿನ ಕಾರ್ಖಾನೆಯಲ್ಲಿ ಸಣ್ಣ ನೌಕರಿಯಲ್ಲಿದ್ದವರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತು ಅಲ್ಲಿಯ ವಸತಿಗಳು ಒಂದೊಂದಾಗಿ ಬರಿದಾದಾಗ, ಕೈಗೆ ಬಂದ ಹಣದಲ್ಲಿ ಮಗಳಿಗೆ ಒಡವೆ ಮಾಡಿಸಿ ಮದುವೆ ಮಾಡಿದರು. ವರನಿಗೆ ಎಂಟು ಎಕರೆ ಕಾಫಿ, ನಡುವೆ ಅಡಕೆ, ಮರಗಳಿಗೆ ಮೆಣಸಿನ ಬಳ್ಳಿ. ಕುಡಿತವಿಲ್ಲ, ಜೂಜಿಲ್ಲ, ರಾತ್ರಿಭೋಜನವಿಲ್ಲ. ಪರ್ವದ ದಿನಗಳಲ್ಲಿ ಬಸದಿಗೆ ತಪ್ಪದೆ ಬರುವವನು. ಪರಿಗ್ರಹಪರಿಮಾಣವನ್ನು ಸ್ವೀಕರಿಸಿ ಅದನ್ನು ಬರೆದಿಟ್ಟಿದ್ದ ಕೆಲವೇ ಗೃಹಸ್ಥರಲ್ಲಿ ಅವನೂ ಒಬ್ಬನು. ಅವನ ಮಿತವ್ಯಯವನ್ನು ನಾವೆಲ್ಲ ಮಕ್ಕಳಿಗೆ ದೃಷ್ಟಾಂತವಾಗಿ ಹೇಳುತ್ತಿದ್ದೆವು.

ಆ ಮನೆಯೊಳಗೆ ನಡೆಯುತ್ತಿದ್ದುದು ಇಷ್ಟು. ಸಂತೆಗೆ ಕೊಟ್ಟ ಹಣಕ್ಕೆ ಚೀಟಿ ಒಪ್ಪಿಸಬೇಕು. ಚೀಟಿಗೂ ಚಿಲ್ಲರೆಗೂ ಐದು ರೂಪಾಯಿ ತಾಳೆಯಾಗದಿದ್ದರೆ ಮುಂದಿನ ವಾರದ ಹಣವಿಲ್ಲ. ಕುಯ್ಲಿನ ದಿನಗಳಲ್ಲಿ ಮುಂಜಾನೆಯಿಂದ ಕತ್ತಲಾಗುವವರೆಗೆ ಕಣದಲ್ಲಿ ಅವಳ ದುಡಿತ. ಕಾಫಿ ಎಷ್ಟಕ್ಕೆ ಹೋಯಿತೆಂದು ಕೇಳಿದರೆ, ಅದು ನಿನಗೇಕೆ ಎಂಬ ಉತ್ತರ. ತಂದೆ ಮಾಡಿಸಿದ ಒಡವೆಗಳು ಅವನ ಬೀರುವಿನಲ್ಲಿದ್ದು, ಅವಳಿಗೆ ತಿಳಿಸದೆ ಬ್ಯಾಂಕಿನಲ್ಲಿ ಅಡವಾದವು. ಕಾಗದಗಳಿಗೆ ಅವಳ ಸಹಿ ಬೇಕಾದಾಗ ಸಹಿ ಮಾಡುವ ಜಾಗವನ್ನಷ್ಟೇ ಬೆರಳಿಟ್ಟು ತೋರಿಸುತ್ತಿದ್ದನು. ಅಷ್ಟಮಿ ಚತುರ್ದಶಿಗಳಲ್ಲಿ ಅವಳು ಉಪವಾಸವಿರುತ್ತಿದ್ದಳು. ಒಮ್ಮೆ ಅವನು, "ವಾರಕ್ಕೆ ಎರಡು ದಿನ ಮಾಡು, ಖರ್ಚಾದರೂ ಉಳಿದೀತು," ಎಂದನಂತೆ. ಹಿಡಿದಿದ್ದ ನೋಂಪಿಗಳಿಗೆ ಉದ್ಯಾಪನೆಯಿಲ್ಲ. ಉದ್ಯಾಪನೆಯೆಂದರೆ ದಾನ, ದಾನವೆಂದರೆ ಹಣ, ಹಣವೆಂದರೆ ಅವನ ಅಪ್ಪಣೆ. ಅವನು ಒಮ್ಮೆಯೂ ಕೈಯೆತ್ತಿ ಹೊಡೆದವನಲ್ಲ. ಆದುದರಿಂದಲೇ ಯಾರಿಗೂ ಏನೂ ಕಾಣಲಿಲ್ಲ.

2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ, ಕಳಸ ಸೀಮೆಯಲ್ಲಿ ಗುಡ್ಡಗಳು ಜರಿದ ದಿನಗಳು ಹಲವರಿಗೆ ನೆನಪಿರಬಹುದು. ಆ ಮಳೆ ಹಿಡಿತಕ್ಕೆ ಬಂದ ಮೇಲೆ, ಕಾರ್ಕಳದ ಕಡೆ ತವರಿನಲ್ಲಿದ್ದ ಅವಳ ತಾಯಿ ಆಸ್ಪತ್ರೆ ಸೇರಿದರು. ಬಸ್ಸಿನ ಹಣ ಕೇಳಿದಳು. ಹಿಂದಿನ ವಾರದ ಲೆಕ್ಕ ಮೊದಲು ಮುಗಿಯಲಿ ಎಂದನು. ಲೆಕ್ಕ ಮುಗಿದು ಅವಳು ತಾಯಿಯ ಹಾಸಿಗೆಯ ಬಳಿಗೆ ಹೋದದ್ದು ಆರನೆಯ ದಿನ. "ಇಷ್ಟು ದಿನ ಯಾಕಮ್ಮಾ?" ಎಂದು ತಾಯಿ ಕೇಳಿದರು. ದಾರಿಯಲ್ಲಿ ಮರ ಬಿದ್ದು ಬಸ್ಸು ಬರಲಿಲ್ಲವೆಂದು ಅವಳು ಹೇಳಿದಳು.

"ಅಂದು ನಾನು ಸುಳ್ಳಾಡಿದೆ, ಮೇಷ್ಟ್ರೇ," ಎಂದು ಮುಂದೊಂದು ದಿನ ಅವಳು ನನಗೆ ಹೇಳಿದಳು. "ಮಗಳಿಗೆ ಜ್ವರ ಬಂದಾಗ ಅವರ ಅಂಗಿಯ ಜೇಬಿನಿಂದ ಇಪ್ಪತ್ತು ರೂಪಾಯಿ ತೆಗೆದೆ. ಅದು ಕಳವು. ರಾತ್ರಿ ಮಲಗಿದರೆ ಮನಸ್ಸಿನಲ್ಲಿ ದ್ವೇಷ ಬಿಟ್ಟು ಬೇರೆ ಇರಲಿಲ್ಲ. ನನ್ನ ಅಣುವ್ರತಗಳು ಒಂದೊಂದಾಗಿ ಹೋಗುತ್ತಿದ್ದವು. ಹೋಗುತ್ತಿರುವುದು ನನಗೆ ಕಾಣುತ್ತಿತ್ತು."

2020ರ ಜನವರಿಯಲ್ಲಿ ಮಗಳನ್ನು ಕರೆದುಕೊಂಡು ಅವಳು ಆ ಮನೆಯಿಂದ ಹೊರಬಂದಳು. ಮನೆಯಲ್ಲಿದ್ದರೆ ವ್ರತ ಉಳಿಯುತ್ತದೆ, ಹೊರಗೆ ಹೋದರೆ ಕೆಡುತ್ತದೆ ಎಂದು ತಿಳಿದಿದ್ದ ನಮಗೆ, ವ್ರತವನ್ನು ಉಳಿಸಿಕೊಳ್ಳಲೆಂದೇ ಒಬ್ಬಳು ಮನೆ ಬಿಟ್ಟಾಳೆಂಬುದು ಊಹೆಗೆ ಬಂದಿರಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಏನೂ ಇಲ್ಲದವಳ ಇಲ್ಲದಿರುವಿಕೆ ವ್ರತವೆ?

ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ವ್ರತದ ಸ್ವರೂಪವನ್ನು ವಿವೇಚಿಸುವಾಗ ಎರಡು ಸಂಗತಿಗಳನ್ನು ಬಯಸುತ್ತಾರೆ. ಬಿಡುವ ವಸ್ತು ತನಗೆ ಯೋಗ್ಯವಾದುದಾಗಿರಬೇಕು; ಬಿಡುವಿಕೆ ತನ್ನ ಉದ್ದೇಶದಿಂದ, ಸಂಕಲ್ಪದಿಂದ ಆಗಬೇಕು. ದೇಹಕ್ಕೆ ಒಗ್ಗದುದನ್ನು ಬಿಡುವುದು ವಿವೇಕವಾದೀತು. ಸೇವಿಸಬಾರದುದನ್ನು ಬಿಡುವುದು ಸದಾಚಾರವಾದೀತು. ತಾನು ಅನುಭವಿಸಬಹುದಾಗಿದ್ದುದನ್ನು ತಾನೇ ತಡೆದು ಬಿಟ್ಟಾಗಲೇ ಅದು ವ್ರತ. ಇದರಿಂದ ತಾನಾಗಿಯೇ ಫಲಿಸುವ ಮಾತೆಂದರೆ, ಸ್ವಾಧೀನತೆಯಿಲ್ಲದೆ ತ್ಯಾಗವಿಲ್ಲ. ಊಟದ ತಟ್ಟೆಯನ್ನು ತಾನಾಗಿ ಸರಿಸಿದವನು ಉಪವಾಸಿ. ತಟ್ಟೆಯನ್ನು ಇನ್ನೊಬ್ಬನು ಕಸಿದುಕೊಂಡರೆ ಅವನು ಹಸಿದವನು. ಹೊಟ್ಟೆಯ ಸ್ಥಿತಿ ಇಬ್ಬರಿಗೂ ಒಂದೇ, ಆತ್ಮದ ಸ್ಥಿತಿ ಬೇರೆ.

ಇಲ್ಲಿ ಶಾಸ್ತ್ರ ಬಲ್ಲವರು ಒಂದು ಆಕ್ಷೇಪವನ್ನು ತರಬಹುದು. ಪರಾಧೀನರಾಗಿ ಹಸಿವು ಬಾಯಾರಿಕೆಗಳನ್ನು ಸಹಿಸಿದರೂ ಕರ್ಮದ ನಿರ್ಜರೆ ಉಂಟಲ್ಲವೆ? ಉಂಟು. ತತ್ತ್ವಾರ್ಥಸೂತ್ರವು ದೇವಾಯುಷ್ಯದ ಕಾರಣಗಳಲ್ಲಿ ಅಕಾಮನಿರ್ಜರೆಯನ್ನೂ ಎಣಿಸಿದೆ. ನಮ್ಮ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸಲು ಆಯ್ದುಕೊಂಡ ದೃಷ್ಟಾಂತವನ್ನು ಗಮನಿಸಬೇಕು. ಸೆರೆಯಲ್ಲಿ ಕಟ್ಟುಬಿದ್ದವನು ಇಚ್ಛೆಯಿಲ್ಲದೆ ಅನುಭವಿಸುವ ಹಸಿವು, ನೀರಡಿಕೆ, ನೆಲದ ಮೇಲಿನ ನಿದ್ರೆ, ಇವು ಅಕಾಮ. ಅಂದರೆ ಬಲವಂತದ ಸಹನೆಗೆ ಆಚಾರ್ಯರು ಕೊಟ್ಟ ಹೋಲಿಕೆ ಸೆರೆಮನೆಯದು. ಸೆರೆಯಾಳಿಗೆ ಅಲ್ಪ ಫಲವಿದೆಯೆಂದು ಹೇಳಿದವರು, ಸೆರೆಮನೆಯನ್ನು ಕಟ್ಟಿರೆಂದು ಯಾರಿಗೂ ಹೇಳಲಿಲ್ಲ. ಸೆರೆಯಾಳನ್ನು ವ್ರತಿಯೆಂದೂ ಕರೆಯಲಿಲ್ಲ. ನಾನು 2017ರಲ್ಲಿ ಮಾಡಿದ ಪ್ರಮಾದ ಇದೇ. ಒಂದು ಸೆರೆಯನ್ನು ನೋಡಿ ಅದನ್ನು ಆಕಿಂಚನ್ಯವೆಂದು ಹೊಗಳಿದೆ.

ಇನ್ನು ಪತಿಯ ವ್ರತದ ಮಾತು. ಪರಿಗ್ರಹಪರಿಮಾಣಕ್ಕೆ ಸಮಂತಭದ್ರರು ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಕೊಟ್ಟಿದ್ದಾರೆ. ಅಳೆಯಬೇಕಾದುದು ತನ್ನ ಇಚ್ಛೆಯನ್ನು. ಪರರ ಇಚ್ಛೆಗೆ ಅಳತೆಗೋಲು ಹಿಡಿದು ನಿಲ್ಲುವುದು ವ್ರತವಲ್ಲ. ಉಮಾಸ್ವಾಮಿಗಳು ಪರಿಗ್ರಹವನ್ನು ಕಾಣುವುದು ವಸ್ತುವಿನ ರಾಶಿಯಲ್ಲಲ್ಲ, ನನ್ನದೆಂಬ ಮೂರ್ಛೆಯಲ್ಲಿ. ಎಂಟೇ ಎಕರೆಗೆ ತೃಪ್ತನಾದ ಗೃಹಸ್ಥನು, ಸಂತೆಯ ಚೀಟಿಯ ಐದು ರೂಪಾಯಿಗಾಗಿ ರಾತ್ರಿಯೆಲ್ಲ ಎಚ್ಚರಿದ್ದರೆ, ಆ ಐದು ರೂಪಾಯಿಯ ಮೂರ್ಛೆ ಐದು ನೂರು ಎಕರೆಯ ಮೂರ್ಛೆಗಿಂತ ಕಡಿಮೆಯೆಂದು ಯಾರು ಹೇಳಬಲ್ಲರು?

ಅಣುವ್ರತಗಳ ಅತಿಚಾರಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಅವುಗಳನ್ನು ನಮ್ಮ ಮನೆಯ ಒಳಗಣ ಬೆಳಕಿನಲ್ಲಿ ಓದುವುದು ವಿರಳ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದು ಅನ್ನಪಾನನಿರೋಧ. ತನ್ನ ಅಧೀನದಲ್ಲಿರುವ ಜೀವಿಗೆ ಹೊತ್ತಿಗೆ ಅನ್ನನೀರು ಸಿಗದಂತೆ ತಡೆಯುವುದು. ಇನ್ನೊಂದು ಅತಿಭಾರಾರೋಪಣ, ಹೊರಲಾರದ ಹೊರೆಯನ್ನು ಹೇರುವುದು. ಇವನ್ನು ಎತ್ತು ಎಮ್ಮೆಗಳಿಗೆ ಅನ್ವಯಿಸಿ ಹೇಳುವುದು ನಮ್ಮ ವಾಡಿಕೆ. ಎತ್ತಿಗೆ ಸಲ್ಲುವ ದಯೆ ಸಹಧರ್ಮಿಣಿಗೆ ಸಲ್ಲದೆ? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ಅಂದರೆ ವಂಚನೆಯ ಬರಹ. ನ್ಯಾಸಾಪಹಾರ ಮತ್ತೊಂದು. ನಂಬಿ ಇಟ್ಟ ಒಡವೆಯನ್ನು ಇಟ್ಟವರಿಗೆ ಪೂರ್ತಿಯಾಗಿ ಹಿಂದಿರುಗಿಸದಿರುವುದು. ತವರಿನ ಒಡವೆಯನ್ನು ಹೆಂಡತಿ ಗಂಡನ ಬೀರುವಿನಲ್ಲಿಟ್ಟರೆ ಅದು ನ್ಯಾಸವಲ್ಲದೆ ಮತ್ತೇನು?

ರಾಜ್ಯದ ಶಾಸನವೂ ತಡವಾಗಿ ಇಲ್ಲಿಗೇ ಬಂದಿದೆ. 1985ರಲ್ಲಿ ಪ್ರತಿಭಾರಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನವು ಪತ್ನಿಯ ಸ್ವಂತ ಸ್ವತ್ತು, ಗಂಡನ ಕೈಯಲ್ಲಿದ್ದರೂ ಅದು ಒಪ್ಪಿಸಿದ ನಿಧಿ, ಕೇಳಿದಾಗ ಕೊಡದಿದ್ದರೆ ನಂಬಿಕೆದ್ರೋಹದ ಅಪರಾಧ ಎಂಬ ಅಭಿಪ್ರಾಯಕ್ಕೆ ಬಂದಿತು. 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯು ಆರ್ಥಿಕ ದೌರ್ಜನ್ಯವೆಂಬುದನ್ನು ಪ್ರತ್ಯೇಕವಾಗಿ ಹೆಸರಿಸಿತು. ಮನೆಯ ಅಗತ್ಯಗಳಿಗೆ ಹಣ ತಡೆಯುವುದು, ಸ್ತ್ರೀಧನವನ್ನು ವಿಲೇವಾರಿ ಮಾಡುವುದು, ಬಳಸಲು ಹಕ್ಕಿರುವ ಸಂಪನ್ಮೂಲದಿಂದ ದೂರವಿಡುವುದು, ಎಲ್ಲವೂ ಅದರೊಳಗೆ ಬರುತ್ತವೆ. ಹೊಡೆತವಿಲ್ಲದಿದ್ದರೂ ದೌರ್ಜನ್ಯವಿರಬಹುದೆಂದು ಶಾಸನವು ಒಪ್ಪಿತು. ದ್ರವ್ಯಹಿಂಸೆಯಿಲ್ಲದೆಯೂ ಭಾವಹಿಂಸೆಯುಂಟೆಂದು ಚಿಕ್ಕಂದಿನಿಂದ ಓದಿದ ನಮಗೆ ಇದು ಹೊಸ ಮಾತಾಗಬಾರದಿತ್ತು.

ಅವಳು ಹೊರಬಂದ ಮೇಲೆ ನಮ್ಮವರು ಆಡಿದ ಮಾತುಗಳು ಮೂರು. ಒಂದು, ಉತ್ತಮ ಕ್ಷಮೆಯುಳ್ಳವಳು ಸಹಿಸಬೇಕಿತ್ತು. ಎರಡು, ಹಣಕ್ಕಾಗಿ ಮನೆ ಬಿಟ್ಟವಳ ಹಣದಾಸೆಯೂ ಪರಿಗ್ರಹವೇ. ಮೂರು, ಇದು ನಮ್ಮ ಸಂಪ್ರದಾಯದಲ್ಲಿಲ್ಲ. ಒಂದೊಂದಕ್ಕೂ ಉತ್ತರ ಹೇಳುವುದು ಕರ್ತವ್ಯ.

ಕ್ಷಮೆಯೆಂದರೆ ಕ್ರೋಧವನ್ನು ಗೆಲ್ಲುವುದು, ಪೀಡೆಗೆ ಪುನಃ ಒಡ್ಡಿಕೊಳ್ಳುವುದಲ್ಲ. ಚಂದನೆಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಕೌಶಾಂಬಿಯ ಸೆಟ್ಟಿಯ ಮನೆಯಲ್ಲಿ ಸಂಕೋಲೆಯೊಳಗೆ, ಮಣ್ಣಿನ ಪಾತ್ರೆಯ ಹಾರಕದ ಕೂಳುಂಡು ಬದುಕಿದ್ದವಳು ವರ್ಧಮಾನ ಮಹಾಮುನಿಗೆ ಆಹಾರದಾನ ಮಾಡಿದಳು. ಆಗ ಸಂಕೋಲೆ ಕಳಚಿತು. ಮುಂದೆ ಅವಳು ಮೂವತ್ತಾರು ಸಾವಿರ ಆರ್ಯಿಕೆಯರಿಗೆ ಮುಖ್ಯಳಾದಳು. ಸಂಕೋಲೆ ಕಳಚಿದ್ದು ಮೊದಲು, ದೀಕ್ಷೆ ಬಳಿಕ. ಸಂಕೋಲೆಯನ್ನೇ ಅವಳ ದೀಕ್ಷೆಯೆಂದು ಯಾವ ಪುರಾಣಕಾರನೂ ಬರೆಯಲಿಲ್ಲ. ಇನ್ನು ಕ್ಷಮೆಯ ವಿಷಯದಲ್ಲಿ, ಈ ಹೆಣ್ಣುಮಗಳು ಹೊರಬಂದ ವರ್ಷವೇ ಕ್ಷಮಾವಣಿಯ ದಿನ ಪತಿಗೆ ಫೋನು ಮಾಡಿ ಕ್ಷಮೆ ಬೇಡಿದಳು, ತಾನೂ ಕ್ಷಮಿಸಿದೆನೆಂದಳು. ಹಿಂದಿರುಗಲಿಲ್ಲ. ಎರಡಕ್ಕೂ ವಿರೋಧವಿಲ್ಲವೆಂದು ನನಗೀಗ ತೋರುತ್ತದೆ.

ಎರಡನೆಯ ಆಕ್ಷೇಪಕ್ಕೆ ಉತ್ತರ ಚಿಕ್ಕದು. ಶ್ರಾವಕಧರ್ಮವು ಸೊನ್ನೆಯನ್ನು ಬೋಧಿಸುವುದಿಲ್ಲ, ಪರಿಮಾಣವನ್ನು ಬೋಧಿಸುತ್ತದೆ. ಸೊನ್ನೆಯ ಮಾರ್ಗ ಮುನಿಗಳದು, ಅದನ್ನು ಅವರು ತಾವಾಗಿ ಕೈಕೊಂಡವರು. ಬಸ್ಸಿನ ಹಣ, ಮಗುವಿನ ಔಷಧದ ಹಣ, ಉದ್ಯಾಪನೆಯ ದಾನದ ಹಣ ಬೇಕೆಂಬುದು ಲೋಭವಲ್ಲ. ಅದು ಗೃಹಸ್ಥಧರ್ಮದ ಸಾಧನ.

ಮೂರನೆಯದು ಸಂಪ್ರದಾಯ. ನಮ್ಮ ಸಂಪ್ರದಾಯದಲ್ಲಿ ಏನಿತ್ತೆಂಬುದನ್ನು ಘಟ್ಟದ ಮೇಲೆ ಕೆಳಗೆ ಎರಡೂ ಕಡೆ ಹುಡುಕೋಣ. ಈ ಕಳಸದಲ್ಲಿಯೇ 13ನೆಯ ಶತಮಾನದಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರು ಆಳಿದುದಕ್ಕೆ ಶಾಸನಗಳಿವೆ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ವಂಶದ ರಾಜ್ಯ ಕಳಸ ಕಾರ್ಕಳಗಳೆರಡನ್ನೂ ಕೂಡಿತ್ತು. ಆ ಅರಸರೂ ಘಟ್ಟದ ಕೆಳಗಿನ ಜೈನ ಮನೆತನಗಳೂ ಅನುಸರಿಸಿದ್ದು ಅಳಿಯಸಂತಾನ. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು, ಹೆಣ್ಣಿಗೆ ತವರಿನಲ್ಲಿ ನೆಲೆಯಿರುತ್ತಿತ್ತು. ಅಲ್ಲಿಯೂ ಆಡಳಿತ ಬಹುಮಟ್ಟಿಗೆ ಸೋದರಮಾವನ ಕೈಯಲ್ಲೇ ಇದ್ದು ಅನ್ಯಾಯಗಳು ನಡೆದಿರಬಹುದು. ಆದರೂ ಹೆಣ್ಣಿಗೆ ಸ್ವಂತವೆಂಬುದು ಇರಕೂಡದೆಂಬ ಮಾತು ನಮ್ಮ ಹಿರಿಯರದಲ್ಲ.

ಚೌಟ ವಂಶದ ಉಳ್ಳಾಲದ ರಾಣಿ ಅಬ್ಬಕ್ಕನ ಸಂಗತಿ ಇನ್ನೂ ಸ್ಪಷ್ಟ. ನೆರೆಯ ಬಂಗ ಅರಸನನ್ನು ವಿವಾಹವಾದ ಅವಳು ಆ ಸಂಬಂಧ ಕೂಡಿಬರದಿದ್ದಾಗ, ಅವನು ಕೊಟ್ಟ ಒಡವೆಗಳನ್ನು ಹಿಂದಕ್ಕೆ ಕಳುಹಿಸಿ ಬೇರೆಯಾದಳೆಂಬುದು ಪ್ರಸಿದ್ಧ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಆ ಸೀಮೆಗೆ ಬಂದಾಗ ಉಳ್ಳಾಲದ ರಾಣಿಯನ್ನು ಕಂಡನು. ಅವಳು ಬರಿಗಾಲಿನಲ್ಲಿ ನಡೆದು ಬಂದು ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದಳೆಂದು ಬರೆದಿದ್ದಾನೆ. ಒಡವೆಯನ್ನು ಹಿಂದಿರುಗಿಸುವ ಗೌರವವೂ ಅವಳಿಗಿದ್ದುದು, ಸ್ವಂತ ನೆಲೆ ಇದ್ದುದರಿಂದ. ನಿಲ್ಲಲು ನೆಲವಿಲ್ಲದವಳು ಏನನ್ನು ಹಿಂದಿರುಗಿಸಿಯಾಳು?

ನೋಂಪಿಯ ವಿಷಯವನ್ನೇ ತೆಗೆದುಕೊಳ್ಳಿ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದುಬಂದ ಸಿದ್ಧಾಂತಗ್ರಂಥಗಳಲ್ಲಿ ಮಹಾಬಂಧದ ತಾಳೆಯೋಲೆಯ ಪ್ರತಿ ಒಂದು. ಅದನ್ನು ಬರೆಯಿಸಿದವಳು ಮಲ್ಲಿಕಬ್ಬೆ ಎಂಬ ಶ್ರಾವಿಕೆ. ಶ್ರೀಪಂಚಮಿಯ ನೋಂಪಿಯನ್ನು ಮುಗಿಸಿ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿಯೇ ಹೇಳುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪತಿಯನ್ನು ಕಳೆದುಕೊಂಡ ಮೇಲೆ, ತಂಗಿಯು ಚಿತೆಯೇರಿದರೂ ತಾನು ಬದುಕಿ ಉಳಿದು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು; ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದಳು. ಇವರು ಲಿಪಿಕಾರನಿಗೆ ಕೊಡುವ ಹಣಕ್ಕೆ ಯಾರಿಗಾದರೂ ಚೀಟಿ ಒಪ್ಪಿಸಬೇಕಾಗಿದ್ದರೆ ನಮ್ಮ ಸಿದ್ಧಾಂತದ ಓಲೆಗಳು ಎಲ್ಲಿರುತ್ತಿದ್ದವೆಂದು ಯೋಚಿಸಿರಿ.

ಹೊರಬಂದ ಮೇಲೆ ಆ ಹೆಣ್ಣುಮಗಳು ಹೇಗೆ ಬದುಕಿದಳೆಂಬುದನ್ನು ಹೇಳದೆ ಈ ವಿಚಾರ ಪೂರ್ಣವಾಗದು.

ಪೇಟೆಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಳು. ಕುಯ್ಲಿನ ಕಾಲವಾದುದರಿಂದ ಕೂಲಿಗೆ ಕೊರತೆಯಿರಲಿಲ್ಲ. ಎರಡು ತಿಂಗಳು ಕಾಫಿ ಹಣ್ಣು ಕುಯ್ದಳು. ತನ್ನ ತೋಟದ ಆಳುಗಳಾಗಿದ್ದವರ ಪಕ್ಕದಲ್ಲೇ ಬುಟ್ಟಿ ಕಟ್ಟಿ ನಿಂತಳು. ಮಾರ್ಚಿ ತಿಂಗಳಲ್ಲಿ ಕೊರೊನಾ ವ್ಯಾಧಿಯಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕೆಲಸ ನಿಂತಿತು. ಕೋಣೆಯ ಒಡತಿ, ಒಬ್ಬ ಬ್ಯಾರಿ ಹೆಂಗಸು, ಮೂರು ತಿಂಗಳು ಬಾಡಿಗೆ ಕೇಳಲಿಲ್ಲ. ನಮ್ಮ ಸಮಾಜದಿಂದ ಆ ದಿನಗಳಲ್ಲಿ ಅವಳ ಬಾಗಿಲಿಗೆ ಹೋದವರು ಯಾರೂ ಇಲ್ಲ. ನಾನೂ ಹೋಗಲಿಲ್ಲ. ಮಗಳಿಗೆ ಎರಡು ಹೊತ್ತು 'ನಿನ್ನದಾಯಿತೇ' ಎಂದು ಉಣಿಸಿ, ತಾನು ಒಂದೇ ಹೊತ್ತು ಉಣ್ಣುತ್ತಿದ್ದಳಂತೆ. ಇದನ್ನು ಕೇಳಿದಾಗ ನನ್ನ ಬಾಯಿಂದ ಹಳೆಯ ಅಭ್ಯಾಸದಂತೆ, "ಏಕಾಶನವಾಯಿತಲ್ಲಮ್ಮಾ," ಎಂಬ ಮಾತು ಬಂದುಬಿಟ್ಟಿತು.

"ಇಲ್ಲ ಮೇಷ್ಟ್ರೇ, ಅದನ್ನು ನೋಂಪಿಯ ಲೆಕ್ಕಕ್ಕೆ ಹಾಕಿಲ್ಲ. ಅದು ಹಸಿವು," ಎಂದಳು.

ಮಳೆಗಾಲ ಕಳೆದ ಮೇಲೆ ನೆರೆಯ ಎಸ್ಟೇಟೊಂದರಲ್ಲಿ ರೈಟರ ಕೆಲಸಕ್ಕೆ ಜನ ಬೇಕೆಂದು ತಿಳಿಯಿತು. ಹಾಜರಿ ಪುಸ್ತಕ ಬರೆಯಬೇಕು, ಕುಯ್ದ ಹಣ್ಣಿನ ತೂಕ ಹಿಡಿಯಬೇಕು, ವಾರದ ಬಟವಾಡೆಯ ಲೆಕ್ಕ ಮಾಡಬೇಕು. ಹೆಂಗಸರು ಮಾಡುವ ಕೆಲಸವಲ್ಲವೆಂದು ಮೇಸ್ತ್ರಿ ಗೊಣಗಿದನಂತೆ. ಯಜಮಾನರು ಒಂದು ವಾರದ ಹಳೆಯ ಲೆಕ್ಕವನ್ನು ಕೊಟ್ಟು ಪರೀಕ್ಷಿಸಿದರು. ಹನ್ನೆರಡು ವರ್ಷ ಐದು ರೂಪಾಯಿಯ ವ್ಯತ್ಯಾಸಕ್ಕೂ ಉತ್ತರ ಹೇಳಿದ್ದವಳಿಗೆ ಅದು ಯಾವ ದೊಡ್ಡ ಪರೀಕ್ಷೆ? ತಪ್ಪು ಎಲ್ಲಿದೆಯೆಂದು ಅರ್ಧ ಗಂಟೆಯಲ್ಲಿ ತೋರಿಸಿದಳು. ಕೆಲಸ ಸಿಕ್ಕಿತು. ತನ್ನ ಹೆಸರಿನಲ್ಲಿ ಬ್ಯಾಂಕಿನ ಖಾತೆ ತೆರೆದಳು. ಮೊದಲ ಪಾಸ್‌ಬುಕ್ಕನ್ನು ಮನೆಗೆ ತಂದ ದಿನ ಅದನ್ನು ಮಗಳ ಕೈಗೆ ಕೊಟ್ಟು ಓದಿಸಿದಳಂತೆ.

ಒಡವೆಗಳಿಗಾಗಿ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟಳು. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯಬೇಕೆಂದು 1987ರ ಕಾಯಿದೆಯೇ ಹೇಳುತ್ತದೆಂಬುದು ನನಗೂ ತಿಳಿದಿರಲಿಲ್ಲ. ಮಾತುಕತೆಯ ಬಳಿಕ ಎರಡು ಬಳೆ, ಒಂದು ಸರ ಹಿಂದಿರುಗಿದವು. ಉಳಿದುವು ಸಾಲಕ್ಕೆ ಹರಾಜಾಗಿದ್ದವು. ಮಗಳ ಖರ್ಚಿಗೆ ತಿಂಗಳಿಗಿಷ್ಟೆಂದು ಪತಿ ಒಪ್ಪಿದನು. ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ಬರುವುದಿಲ್ಲ. ಎಲ್ಲವೂ ಸುಖಾಂತವಾಯಿತೆಂದು ನಾನು ಬರೆಯಲಾರೆ.

ಒಂದು ಅಷ್ಟಮಿಯ ವಿಚಾರವನ್ನು ಮಾತ್ರ ಬರೆಯಬೇಕು. ರೈಟರ ಕೆಲಸದ ಮೊದಲ ಸಂಬಳದಲ್ಲಿ ತಿಂಗಳ ಅಕ್ಕಿ ಬೇಳೆ ತಂದಿಟ್ಟ ಬಳಿಕ ಬಂದ ಅಷ್ಟಮಿ. "ಡಬ್ಬಿಯಲ್ಲಿ ಅಕ್ಕಿ ಇತ್ತು, ಮೇಷ್ಟ್ರೇ. ಮುಚ್ಚಳ ತೆಗೆದು ನೋಡಿ, ಮುಚ್ಚಿ, ಅಂದು ಉಪವಾಸ ಮಾಡಿದೆ," ಎಂದಳು. ಉಪವಾಸದ ಲಕ್ಷಣವನ್ನು ನಾನು ನಲವತ್ತು ವರ್ಷಗಳಿಂದ ಓದಿ ಹೇಳುತ್ತ ಬಂದಿದ್ದೇನೆ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಂದಿಲ್ಲ.

2023ರ ದಶಲಕ್ಷಣ ಪರ್ವದಲ್ಲಿ ಅವಳು ಮತ್ತೆ ಆ ಬಸದಿಗೆ ಬಂದಳು. ಆಕಿಂಚನ್ಯದ ದಿನ ಒಂದು ಹಾಳೆಯನ್ನು ನನ್ನ ಮುಂದಿಟ್ಟಳು. ಬಂಗಾರ ಐದು ಪವನಿಗೆ ಮೀರದಂತೆ. ಸೀರೆ ಇಪ್ಪತ್ತು. ಮನೆ ಒಂದು, ಹತ್ತು ಸೆಂಟ್ಸಿಗೆ ಮೀರದ ಜಾಗದಲ್ಲಿ, ಆದರೆ ಅದು ಇನ್ನೂ ಬರಬೇಕಾದುದು. ಬ್ಯಾಂಕಿನ ಹಣಕ್ಕೂ ಒಂದು ಮಿತಿ. ಮೀರಿದುದು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಿಗೆ. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಮಗಳಿಗೆ ಕೊಟ್ಟ ಕೈಖರ್ಚಿನ ಲೆಕ್ಕ ಕೇಳುವುದಿಲ್ಲ. ಇದು ಪರಿಗ್ರಹಪರಿಮಾಣದಲ್ಲಿ ಸೇರುತ್ತದೆಯೇ ಎಂದು ಒಂದು ಕ್ಷಣ ಹಿಂಜರಿದೆ. ಮೂರ್ಛೆಯನ್ನು ನೆನೆದು, ಸೇರುತ್ತದೆಂದು ಬಗೆದು, ಹಾಗೆಯೇ ಉಳಿಸಿದೆ. ಆಮೇಲೆ ಸಭೆಯ ಎದುರಿಗೆ, 2017ರಲ್ಲಿ ನಾನು ಕೊಟ್ಟ ಉತ್ತರ ತಪ್ಪೆಂದು ಹೇಳಿ ಅವಳ ಕ್ಷಮೆ ಕೇಳಿದೆ.

ಧರ್ಮಬಂಧುಗಳೇ, ಮನೆ ಬಿಡುವುದೇ ಧರ್ಮವೆಂದು ನಾನು ಬೋಧಿಸುತ್ತಿಲ್ಲ. ಮನೆಯಲ್ಲಿಯೇ ತಿದ್ದಿಕೊಳ್ಳಬಹುದಾದುದನ್ನು ತಿದ್ದಿಕೊಳ್ಳದೆ ಹೋದರೆ ಬಿಟ್ಟವರ ಮೇಲೆ ದೋಷ ಹೊರಿಸಬೇಡಿರೆಂದಷ್ಟೇ ಹೇಳುತ್ತಿದ್ದೇನೆ. ಮುಂದಿನ ಪರ್ವದಲ್ಲಿ ಯಜಮಾನರು ಪರಿಗ್ರಹಪರಿಮಾಣದ ಹಾಳೆಯನ್ನು ಬರೆಯಲು ಕುಳಿತಾಗ, ಆ ಹಾಳೆಯಲ್ಲಿರುವುದರಲ್ಲಿ ಯಾವುದು ತನ್ನದು, ಯಾವುದು ಹೆಂಡತಿಯದೆಂಬುದನ್ನು ಮೊದಲು ಬೇರ್ಪಡಿಸಲಿ. ಪರರ ಸ್ವತ್ತಿಗೆ ಮಿತಿ ಹಾಕಿ ಪುಣ್ಯ ಸಂಪಾದಿಸಲಾಗದು. ತೋಟದ ಆದಾಯ ಎಷ್ಟೆಂಬುದು ಅವಳಿಗೆ ಗೊತ್ತಿದೆಯೆ? ಅವಳ ಒಡವೆ ಕೇಳಿದೊಡನೆ ಅವಳ ಕೈಗೆ ಬರುತ್ತದೆಯೆ? ಸಹಿ ಹಾಕುವ ಮೊದಲು ಕಾಗದವನ್ನು ಓದುತ್ತಾಳೆಯೆ? ನೋಂಪಿಯ ಉದ್ಯಾಪನೆಗೆ ಅಪ್ಪಣೆಯಿಲ್ಲದೆ ಒಂದು ಕಾಣಿಕೆಯನ್ನು ಕೊಡಬಲ್ಲಳೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಗಂಡಹೆಂಡಿರಿಬ್ಬರೂ ಬೇರೆಬೇರೆ ಹಾಳೆಗಳಲ್ಲಿ ವ್ರತವನ್ನು ಬರೆಯಲಿ. ಬಸದಿಗಳಲ್ಲಿ ಶಾಸ್ತ್ರ ಹೇಳುವ ನನ್ನಂಥವರು, ಎದ್ದುನಿಂತು ಪ್ರಶ್ನೆ ಕೇಳಿದ ಹೆಣ್ಣುಮಗಳ ಮುಖವನ್ನು ಒಮ್ಮೆ ನೋಡಿ ಉತ್ತರ ಹೇಳಲಿ.

ಕೈಯಲ್ಲಿಲ್ಲದುದನ್ನು ತ್ಯಜಿಸಲಾಗದು. ಮೊದಲು ಅದು ಅವಳ ಕೈಗೆ ಬರಲಿ. ಬಿಡುವುದೋ ಇಟ್ಟುಕೊಳ್ಳುವುದೋ ಅವಳ ಸಂಕಲ್ಪಕ್ಕೆ ಸೇರಿದ್ದು.